ಮೋಟಾರಿಗೊಬ್ಬ ಸಾರಥಿ

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಕಲಾ ವಿದ್ಯಾರ್ಥಿಗೆ ಮೋಟಾರುಗಳ ಗೊಡವೆ ಏಕೆಂದು ನನ್ನ ಸಹಪಾಠಿಗಳು ನಗುವುದುಂಟು. ನಗಲಿ. ನಮ್ಮ ದೊಡ್ಡಪ್ಪನವರದು ಬಡಗಿ ವೃತ್ತಿ. ಬಾಗಿಲಿಗೆ ಬಳ್ಳಿಯನ್ನೂ ದೇವರ ಮಂಟಪಕ್ಕೆ ಹಂಸವನ್ನೂ ಕೆತ್ತುವುದರಲ್ಲಿ ಪಳಗಿದ ಕೈ ಅವರದು. ಈಗ ಕಣ್ಣು ಮಂಜಾಗುತ್ತಿದೆ. ಒರಟು ಕೆತ್ತನೆಯನ್ನು ಯಂತ್ರಕ್ಕೆ ಬಿಟ್ಟು, ಕೊನೆಯ ನಯಗೆಲಸವನ್ನಷ್ಟೇ ಅವರು ಮಾಡುವಂತಾದರೆ, ಉಳಿಯನ್ನು ಕೆಳಗಿಡುವ ದಿನ ಕೆಲವು ವರ್ಷ ಮುಂದೆ ಹೋದೀತೆಂಬುದು ನನ್ನ ಆಸೆ. ಆದುದರಿಂದಲೇ ಹಿತ್ತಿಲ ಕೊಟ್ಟಿಗೆಯಲ್ಲಿ ಸಿ.ಎನ್.ಸಿ. ರೌಟರೊಂದರ ಚೌಕಟ್ಟು ಎದ್ದು ನಿಂತಿದೆ.

ಅಂಕೆಗಳ ಅಪ್ಪಣೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು 1952ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಪ್ರದರ್ಶಿಸಿದಾಗ, ರಂಧ್ರ ಹೊಡೆದ ಕಾಗದದ ಪಟ್ಟಿಯೇ ಅದರ ಲಿಪಿಯಾಗಿದ್ದಿತು. ಇಂದು ಆ ಕೆಲಸಕ್ಕೆ ಅಂಗೈಯಗಲದ ಆರ್ಡುಯಿನೊ ಫಲಕವೂ, ಬೆಲೆಯಿಲ್ಲದೆ ದೊರೆಯುವ ಜಿ.ಆರ್.ಬಿ.ಎಲ್. ಎಂಬ ತಂತ್ರಾಂಶವೂ ಸಾಕು. ಕಷ್ಟವಿರುವುದು ಮೋಟಾರಿನ ಬಳಿ.

ಯಂತ್ರದ ಒಂದೊಂದು ದಿಕ್ಕಿನ ಚಲನೆಗೂ ಸ್ಟೆಪ್ಪರ್ ಮೋಟಾರು ಬೇಕು. ಅದು ಹೆಜ್ಜೆಯಿಟ್ಟು ತಿರುಗುತ್ತದೆ. 200 ಹೆಜ್ಜೆಗೆ ಒಂದು ಸುತ್ತು. ಫಲಕವು ಕಳುಹಿಸುವ ಪಲ್ಸುಗಳಿಗೆ ತಕ್ಕಂತೆ ಮೋಟಾರಿನ ಸುರುಳಿಗಳಿಗೆ ವಿದ್ಯುತ್ತನ್ನು ಅಳೆದು ಕೊಡುವ ಪೆಟ್ಟಿಗೆಗೆ ಡ್ರೈವರ್ ಎಂದು ಹೆಸರು. ಅದೇ ಮೋಟಾರಿನ ಸಾರಥಿ.

ಅಂಗಡಿಗೆ ಹೋಗುವ ಮೊದಲು ಲೆಕ್ಕ ಹಾಕಿದೆನು. ಪ್ರತಿ ಹೆಜ್ಜೆಯನ್ನೂ 8 ಭಾಗ ಮಾಡಿದರೆ ಸುತ್ತಿಗೆ 1600 ಪಲ್ಸು. ನನ್ನ ತಿರುಪು ಸುತ್ತಿಗೆ 5 ಮಿಲಿಮೀಟರು ಮುಂದೆ ಸರಿಯುವುದರಿಂದ ಮಿಲಿಮೀಟರಿಗೆ 320. ನಿಮಿಷಕ್ಕೆ 3000 ಮಿಲಿಮೀಟರು ಓಡಿಸಿದರೂ ಸೆಕೆಂಡಿಗೆ 16,000 ಪಲ್ಸು. ಜಿ.ಆರ್.ಬಿ.ಎಲ್. ಸುಮಾರು 30,000ದವರೆಗೆ ಕೊಡಬಲ್ಲುದು. ಫಲಕದ ಚಿಂತೆ ಇಲ್ಲಿಗೆ ತೀರಿತು.

ಇನ್ನು ಡ್ರೈವರ್. ನನ್ನ ಮೋಟಾರುಗಳು 3 ಆಂಪಿಯರಿನವು. ಎ 4988 ಎಂಬ ಪುಟ್ಟ ಡ್ರೈವರ್ ಅಗ್ಗವೇನೋ ಹೌದು. ಆದರೆ ಅದರ ಮಿತಿ 2 ಆಂಪಿಯರು. ಅದೂ ಬಿಸಿಯಾಗದಂತೆ ನೋಡಿಕೊಂಡರೆ ಮಾತ್ರ. ಆಂಪಿಯರಿನಷ್ಟೇ ಮುಖ್ಯವಾದುದು ವೋಲ್ಟು. ವಿದ್ಯುತ್ತು ಸುರುಳಿಯೊಳಗೆ ತಟಕ್ಕನೆ ತುಂಬುವುದಿಲ್ಲ. ವೇಗ ಹೆಚ್ಚಿದಷ್ಟೂ ತುಂಬಲು ಸಿಗುವ ಸಮಯ ಕಡಮೆ, ಬಲವೂ ಕಡಮೆ. 12 ವೋಲ್ಟಿನಲ್ಲಿ ಸೋಲುವ ಮೋಟಾರೇ 36 ವೋಲ್ಟಿನಲ್ಲಿ ಚುರುಕಾಗಿ ದುಡಿಯುತ್ತದೆ. ಒಳ್ಳೆಯ ಡ್ರೈವರ್ ವಿದ್ಯುತ್ತನ್ನು ಮಿತಿಯಲ್ಲಿ ಹಿಡಿಯುವುದರಿಂದ ಸುರುಳಿ ಸುಡುವುದಿಲ್ಲ. ಹೀಗೆ ನನ್ನ ಮನಸ್ಸು 50 ವೋಲ್ಟು, 4.2 ಆಂಪಿಯರುಗಳವರೆಗೆ ತಾಳುವ ಡಿ.ಎಂ. 542 ಬಗೆಯ ಡ್ರೈವರಿಗೂ 36 ವೋಲ್ಟಿನ ವಿದ್ಯುತ್ ಪೆಟ್ಟಿಗೆಗೂ ಒಲಿಯಿತು.

ಇದನ್ನೆಲ್ಲ ಕೇಳಿದ ದೊಡ್ಡಪ್ಪ ಒಂದೇ ಪ್ರಶ್ನೆ ಹಾಕಿದರು: “ಅಲ್ಲಪ್ಪಾ, ಮರದ ಗಂಟಿಗೆ ಸಿಕ್ಕಿ ನಿಂತರೆ, ನಿಂತಿದ್ದೇನೆ ಅಂತ ಅದಕ್ಕೆ ತಿಳಿಯುತ್ತೋ?”

ತಿಳಿಯುವುದಿಲ್ಲ! ಹೆಜ್ಜೆ ತಪ್ಪಿದರೂ ಫಲಕವು ಎಲ್ಲವೂ ಸರಿಯಾಗಿದೆಯೆಂದೇ ನಂಬಿ ಮುಂದುವರಿಯುತ್ತದೆ. ಮಿಕ್ಕ ಚಿತ್ರವೆಲ್ಲ ಪಕ್ಕಕ್ಕೆ ಸರಿದು ತೇಗದ ಹಲಗೆ ಹಾಳಾಗುತ್ತದೆ. ಇದಕ್ಕೆ ಪರಿಹಾರವಿಲ್ಲದಿಲ್ಲ. ಮೋಟಾರಿನ ಬೆನ್ನಿಗೆ ಎನ್‌ಕೋಡರ್ ಇರುವ ಬಗೆಯೊಂದುಂಟು. ಅದು ಎಷ್ಟು ತಿರುಗಿತೆಂಬುದನ್ನು ಡ್ರೈವರಿಗೆ ವರದಿ ಮಾಡುತ್ತದೆ. ತಪ್ಪಿದರೆ ಡ್ರೈವರ್ ತಿದ್ದುತ್ತದೆ, ತಿದ್ದಲಾಗದಿದ್ದರೆ ಎಚ್ಚರಿಕೆ ಕೊಟ್ಟು ನಿಲ್ಲುತ್ತದೆ. ಆದರೆ ಬೆಲೆ ಹೆಚ್ಚು. ನನ್ನ ಕೈಯಲ್ಲಿದ್ದುದು ವಿದ್ಯಾರ್ಥಿವೇತನದ ಉಳಿಕೆ.

“ಗಂಟು ಬಂದರೆ ನೀವೇನು ಮಾಡುತ್ತೀರಿ, ದೊಡ್ಡಪ್ಪ?” ಎಂದೆನು. “ಏಟು ಸಣ್ಣದು ಮಾಡ್ತೀನಿ” ಎಂದರು.

ನನ್ನ ಆಯ್ಕೆ ಅಲ್ಲಿ ನಿರ್ಧಾರವಾಯಿತು. ಎನ್‌ಕೋಡರ್ ಇಲ್ಲದ ಡ್ರೈವರುಗಳೇ ಇರಲಿ; ಆದರೆ ಮೋಟಾರಿನ ಪೂರ್ಣ ಬಲವನ್ನು ಎಂದೂ ಕೇಳಕೂಡದು. ಲೆಕ್ಕ 3000ಕ್ಕೆ ಹಾಕಿದ್ದರೂ ಓಡಿಸುವುದು 1500ರಲ್ಲಿ. ಆಳವಾದ ಒಂದು ಕೊರೆತದ ಬದಲು ತೆಳುವಾದ ನಾಲ್ಕು. ತೇಗಕ್ಕೆ ಮೊದಲು ಚೂರುಪಾರು ಮರದ ಮೇಲೆ ಪರೀಕ್ಷೆ. ಕೈಗೆಟುಕುವಲ್ಲಿ ಕೆಂಪು ನಿಲುಗಡೆ ಗುಂಡಿ. ವಿದ್ಯುತ್ತು ಇರುವಾಗ ಮೋಟಾರಿನ ತಂತಿ ಕಿತ್ತರೆ ಡ್ರೈವರ್ ಸುಟ್ಟೀತಾದ್ದರಿಂದ ತಂತಿಗಳಿಗೆಲ್ಲ ಭದ್ರವಾದ ತಿರುಪು.

ಯಂತ್ರ ಕಟ್ಟಬೇಕೆನ್ನುವ ಮಿತ್ರರು ಯಾವ ಡ್ರೈವರ್ ಶ್ರೇಷ್ಠವೆಂದು ಅಂಗಡಿಯವನನ್ನು ಕೇಳುವ ಮುನ್ನ, ಯಾವ ಮರವನ್ನು ಎಷ್ಟು ಆಳಕ್ಕೆ, ಎಷ್ಟು ವೇಗದಲ್ಲಿ ಕೊರೆಯಬೇಕೆಂಬುದನ್ನು ಬಡಗಿಯೊಬ್ಬರಲ್ಲಿ ಕೇಳಿಕೊಳ್ಳಲಿ. ಆಂಪಿಯರು, ವೋಲ್ಟುಗಳು ಆ ಉತ್ತರದಿಂದಲೇ ತಾವಾಗಿ ಹೊರಡುತ್ತವೆ.