ಮೊಣಕಾಲಿನ ಒಳಜಗಳ

ನಮ್ಮ ರಾಜೇಶ್ವರದ ಕಡೆ ನಲವತ್ತೈದು ದಾಟಿದ ಇಬ್ಬರು ಹೆಂಗಸರು ಸೇರಿದರೆ, ಮಾತು ಮಕ್ಕಳ ಮದುವೆಯಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಮೊಣಕಾಲಿನ ಹತ್ತಿರವೇ. "ಸವ್ದು ಹೋಗ್ಯಾವರಿ, ಏನ್ ಮಾಡ್ಬೇಕು" ಎಂದು ಒಬ್ಬರು. "ಕೂತು ರೊಟ್ಟಿ ಬಡ್ದು ಬಡ್ದು ಹಿಂಗಾಯ್ತು" ಎಂದು ಇನ್ನೊಬ್ಬರು. ನಮ್ಮ ಅತ್ತೆಯವರೂ ಇದನ್ನೇ ನಂಬಿ, ಹಳೇ ಚಪ್ಪಲಿಯನ್ನು ಜೋಪಾನ ಮಾಡುವ ಹಾಗೆ ಮೊಣಕಾಲನ್ನು ಜೋಪಾನ ಮಾಡಲು ಹೊರಟರು. ಮೊದಲು ಬಸವಕಲ್ಯಾಣದ ಸಂತೆ ಬಿಟ್ಟರು, ಆಮೇಲೆ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ, ಆಮೇಲೆ ಪಕ್ಕದ ಓಣಿ. ಎರಡು ವರ್ಷದಲ್ಲಿ ಅವರ ಲೋಕ ಮಂಚದಿಂದ ಬಚ್ಚಲಿನವರೆಗೆ ಬಂತು. ನೋವು ಮಾತ್ರ ಕಡಿಮೆಯಾಗಲಿಲ್ಲ!

ಈ 'ಸವೆತ' ಎಂಬ ಮಾತಿನ ಮೇಲೆಯೇ ನನ್ನ ತಕರಾರು. ಸವೆತ ಸುಳ್ಳಲ್ಲ. ಎಲುಬಿನ ತುದಿಗೆ ಹೊದಿಸಿದ ನುಣ್ಣನೆಯ ಮೃದ್ವಸ್ಥಿ ತೆಳುವಾಗುವುದು ನಿಜವೇ. ಆದರೆ ಕೀಲಿನ ಒಳಗೊಂದು ಪೊರೆಯೂ ಇದೆ. ಮೃದ್ವಸ್ಥಿಯಿಂದ ಉದುರಿದ ಚೂರುಗಳು ಆ ಪೊರೆಗೆ ತಾಕಿದಾಗ, ಅಲ್ಲಿ ಕಾವಲಿಗಿರುವ ರೋಗನಿರೋಧಕ ಕಣಗಳು ಕಳ್ಳ ನುಗ್ಗಿದನೆಂದು ಎದ್ದು ಕೂಡುತ್ತವೆ. ಅವು ಸುರಿಸುವ ರಾಸಾಯನಿಕಗಳಿಂದ ಪೊರೆ ಬಾತುಕೊಂಡು, ಕೀಲಿನಲ್ಲಿ ನೀರು ತುಂಬಿ, ಉಳಿದ ಮೃದ್ವಸ್ಥಿಯೂ ಕರಗತೊಡಗುತ್ತದೆ. ಮತ್ತಷ್ಟು ಚೂರು, ಮತ್ತಷ್ಟು ಗಲಾಟೆ. ಅತ್ತೆ-ಸೊಸೆ ಜಗಳದ ಹಾಗೆ, ಮೊದಲು ಯಾರು ಶುರು ಮಾಡಿದರೆಂದು ಹೇಳಲಾಗದು. (ನಮ್ಮ ಮನೆಯ ಮಾತಲ್ಲ, ಲೋಕದ ಮಾತು.)

ನಂಬಿಕೆ ಬರಲಿಲ್ಲವೇ? 2006ರ ಚಿಕೂನ್‌ಗುನ್ಯ ನೆನಪು ಮಾಡಿಕೊಳ್ಳಿ. ನಮ್ಮ ಬೀದರ, ಕಲಬುರಗಿ ಸೀಮೆಯಲ್ಲಿ ಮನೆಮನೆಯಲ್ಲೂ ಮಲಗಿದ್ದರು. ಜ್ವರ ವಾರದಲ್ಲಿ ಇಳಿಯಿತು, ಕೀಲುನೋವು ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಉಳಿಯಿತು. ಇಪ್ಪತ್ತರ ಹುಡುಗಿಯರೂ ಗೋಡೆ ಹಿಡಿದು ಏಳುತ್ತಿದ್ದರು. ಅವರಿಗೇನು ಸವೆದಿತ್ತು? ಅದು ಉರಿಯೂತ. ಅದು ಭಗ್ಗೆಂದ ಬೆಂಕಿಯಾದರೆ, ನಮ್ಮ ವಯಸ್ಸಿನವರ ಮೊಣಕಾಲಿನದು ಬೂದಿ ಮುಚ್ಚಿದ ಕೆಂಡ.

ಕಾವಲುಗಾರರನ್ನು ಮಲಗಿಸುವ ಔಷಧಿ ಇಲ್ಲವೇ ಎಂದು ಕೇಳುತ್ತೀರಿ. ರುಮಟಾಯ್ಡ್ ಸಂಧಿವಾತಕ್ಕೆ ಇದೆ. ಅದರಲ್ಲಿ ಎರಡೂ ಕೈಗಳ ಸಣ್ಣ ಗಂಟುಗಳು ಬಾತು, ಬೆಳಗಿನ ಬಿಗಿತ ಗಂಟೆಗಟ್ಟಲೆ ಇರುತ್ತದೆ. ಹಾಗಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ನಮ್ಮದು ಅರ್ಧ ಗಂಟೆಯೊಳಗೆ ಸಡಿಲವಾಗುವ ಬಿಗಿತ. ಇದಕ್ಕೆ ಆ ಬಗೆಯ ಔಷಧಿಗಳನ್ನು ಪ್ರಯೋಗಿಸಿ ನೋಡಿದ್ದಾರೆ, ಹೇಳಿಕೊಳ್ಳುವ ಫಲ ಸಿಕ್ಕಿಲ್ಲ. ಊರಿಗೆ ಬಂದ ಒಬ್ಬಾತ ಕೊಟ್ಟ ಪುಡಿಯಿಂದ ಅತ್ತೆಯವರು ಎರಡೇ ದಿನಕ್ಕೆ ಚುರುಕಾದರು. ತಿಂಗಳಾಗುವಷ್ಟರಲ್ಲಿ ಮುಖ ಊದಿತು, ಸಕ್ಕರೆ ಏರಿತು. ಸ್ಟಿರಾಯ್ಡ್ ಬೆರೆತಿರಬೇಕೆಂದು ಡಾಕ್ಟರು ಹೇಳಿದರು. ಇಂಥದ್ದನ್ನು ತಿಂಗಳುಗಟ್ಟಲೆ ತಿಂದವರು ಥಟ್ಟನೆ ನಿಲ್ಲಿಸುವುದೂ ಅಪಾಯವಂತೆ, ವೈದ್ಯರನ್ನು ಕೇಳಿಯೇ ಬಿಡಬೇಕು.

ಮೈಯ ಕೊಬ್ಬೂ ಈ ಉರಿಗೆ ತುಪ್ಪ ಹೊಯ್ಯುತ್ತದೆ. ದಪ್ಪಗಿರುವವರಿಗೆ ಬೆರಳಿನ ಗಂಟುಗಳಲ್ಲೂ ಈ ಬೇನೆ ಹೆಚ್ಚು. ಬೆರಳ ಮೇಲೆ ಯಾರು ನಡೆಯುತ್ತಾರೆ, ಹೇಳಿ? 1 ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ 4 ಕಿಲೋ ಭಾರ ಇಳಿದಂತೆ. ಇನ್ನು ಮೃದ್ವಸ್ಥಿಗೆ ರಕ್ತನಾಳವಿಲ್ಲ. ನಡೆದಾಗ ಹಿಂಡಿ, ಬಿಟ್ಟಾಗ ಹೀರಿ, ಕೀಲಿನ ದ್ರವದಿಂದಲೇ ಅದಕ್ಕೆ ಊಟ. ಕೂತಲ್ಲೇ ಕೂತರೆ ಅದಕ್ಕೆ ಉಪವಾಸ, ತೊಡೆಯ ಸ್ನಾಯುವೂ ಸೊರಗುತ್ತದೆ.

ಈಗ ಅತ್ತೆಯವರು ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೆಟ್ಟಗೆ ಚಾಚಿ ಹತ್ತು ಎಣಿಸುತ್ತಾರೆ, ದಿನಕ್ಕೆ ಎರಡು ಹೊತ್ತು. ಸಂಜೆ ಓಣಿಯ ಕೊನೆಯವರೆಗೆ ನಡಿಗೆ. ನೋವು ಪೂರ್ತಿ ಹೋಗಿಲ್ಲ. ಬಚ್ಚಲಿಗೆ ಹೋಗಲು ನನ್ನನ್ನು ಕೂಗುವುದು ನಿಂತಿದೆ. ಒಲೆಯನ್ನು ಕಟ್ಟೆಯ ಮೇಲಿಟ್ಟಿದ್ದೇವೆ. ನಿಂತು ಬಡಿದ ರೊಟ್ಟಿ ಕೂತು ಬಡಿದಷ್ಟು ತೆಳ್ಳಗೆ ಬರುವುದಿಲ್ಲವೆಂಬುದು ಅವರ ದೂರು. ಅದಕ್ಕೆ ಡಾಕ್ಟರ ಹತ್ತಿರವೂ ಉತ್ತರ ಸಿಗಲಿಲ್ಲ.