ಫಾರಂ ಕೋಳಿಯ ಬಾಣಂತನ

ಮೊಟ್ಟೆಗೆಂದೇ ಸಾಕಿದ ಫಾರಂ ಹೇಂಟೆ 18–20 ವಾರಕ್ಕೆ ಮೊಟ್ಟೆಗೆ ಬರುತ್ತದೆ. 72–80 ವಾರ ದಾಟಿತೆಂದರೆ ಇಡುವ ಮೊಟ್ಟೆಯಿಂದ ತಿನ್ನುವ ಮೇವಿನ ಖರ್ಚು ಹುಟ್ಟುವುದಿಲ್ಲ. ಆಗ ಅದು ಮಾಂಸದಂಗಡಿಯ ಲಾರಿ ಹತ್ತುತ್ತದೆ. ಹೊಸಪೇಟೆ, ಮೈಸೂರು ಕಡೆಯ ರಸ್ತೆಯಲ್ಲಿ ಇಂಥ ಲಾರಿಯಿಂದ ಜಾರಿ ಬಿದ್ದದ್ದೋ, ಅಂಗಡಿಯ ಪಂಜರದಲ್ಲಿ ತೂಕಡಿಸುತ್ತಿದ್ದುದನ್ನು ಯಾರೋ ಕನಿಕರಪಟ್ಟು ಕೊಂಡು ತಂದದ್ದೋ ಮನೆ ಸೇರುವ ಹೊತ್ತಿಗೆ ಅದರ ಜುಟ್ಟು ಬಿಳಿಚಿರುತ್ತದೆ, ಕತ್ತಿನ ಪುಕ್ಕ ಉದುರಿರುತ್ತದೆ, ಕೊಕ್ಕಿನ ತುದಿ ಮೊಂಡಾಗಿರುತ್ತದೆ. ಕೆಂಪು ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಟ್ಟರೆ ಹೆಚ್ಚು. ಅದರ ಈ ದೂರದ ನೆಂಟಳದ್ದು 300ರ ಲೆಕ್ಕ. ಪ್ರತಿ ಚಿಪ್ಪಿಗೂ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಮೇವಿನಲ್ಲಿ ಸಾಲದೆ ಬಂದದ್ದನ್ನು ದೇಹ ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಫಾರಂ ಕೋಳಿಯ ಕಾಯಿಲೆಗಳಲ್ಲಿ ದೊಡ್ಡ ಪಾಲು ಈ ದುಡಿಮೆಯದೇ.

ಹಾಗಾಗಿ ಎತ್ತಿಕೊಳ್ಳುವಲ್ಲಿಂದಲೇ ಎಚ್ಚರ ಬೇಕು. ಕಾಲು ಹಿಡಿದು ತಲೆಕೆಳಗೆ ತೂಗಾಡಿಸುವ ಅಂಗಡಿಯ ರೂಢಿಗೆ ಸವೆದ ಮೂಳೆ ಲಟಕ್ಕನೆ ಮುರಿಯಬಹುದು. ಎರಡು ಕೈಯಲ್ಲಿ ರೆಕ್ಕೆ ಸೇರಿಸಿ, ಹೊಟ್ಟೆಯಡಿ ಆಧಾರ ಕೊಟ್ಟು ಎತ್ತಬೇಕು. ಕೋಳಿಗೆ ನಮ್ಮಂತೆ ಎದೆ ಹೊಟ್ಟೆಗಳ ನಡುವಿನ ವಪೆಯಿಲ್ಲ. ಎದೆಗೂಡು ಹಿಗ್ಗಿ ಕುಗ್ಗಿದರೇ ಉಸಿರು. ಮುದ್ದಿನಿಂದ ಬಿಗಿಯಾಗಿ ಅಪ್ಪುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿಡುವುದು ಒಳ್ಳೆಯದು.

ಕಾಯಿಲೆ ಬಿದ್ದ ಕೋಳಿಗೆ ಮೊದಲು ಬೇಕಾದದ್ದು ಶಾಖ. ಅದರ ಮೈಬಿಸಿ 41–42 ಡಿಗ್ರಿ ಸೆಲ್ಸಿಯಸ್. ಪುಕ್ಕ ಉಬ್ಬಿಸಿ, ಕಣ್ಣು ಮುಚ್ಚಿ ಕೂತಿದೆಯೆಂದರೆ ಆ ಬಿಸಿ ಉಳಿಸಿಕೊಳ್ಳಲು ಹೆಣಗುತ್ತಿದೆ ಎಂದರ್ಥ. ಹಳೆಯ ಮನೆಗಳ ಬಾಣಂತಿ ಕೋಣೆಯಂತೆ ಬೆಚ್ಚಗೆ, ಮಬ್ಬಾಗಿ, ಗಾಳಿ ನುಗ್ಗದ ಮೂಲೆಯೊಂದು ಸಾಕು. ರಟ್ಟಿನ ಪೆಟ್ಟಿಗೆ, ಅದರಲ್ಲಿ ಹಳೆಯ ಬಟ್ಟೆ. ಬಲ್ಬು ಉರಿಸುವುದು ಎಲ್ಲರಿಗೂ ಹೊಳೆಯುವ ಉಪಾಯ, ಹಗಲಿಗೆ ತಪ್ಪೂ ಅಲ್ಲ. ಆದರೆ ಫಾರಂನಲ್ಲಿ ದಿನಕ್ಕೆ 16 ಗಂಟೆಯವರೆಗೆ ದೀಪ ಉರಿಸುವುದು ಮೊಟ್ಟೆ ಇಡಿಸುವುದಕ್ಕೇ. ರಾತ್ರಿಯೂ ಬೆಳಕಿದ್ದರೆ ಸುಸ್ತಾದ ಮೈ ಮತ್ತೆ ಮೊಟ್ಟೆಯ ಕೆಲಸಕ್ಕೆ ಇಳಿಯುತ್ತದೆ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟರೆ ಶಾಖವೂ ಸಿಕ್ಕೀತು, ಕತ್ತಲೆಯೂ ಉಳಿದೀತು. ಮೊಟ್ಟೆ ನಿಂತರೆ ಗಾಬರಿ ಬೇಡ, ಅದು ರಜೆ.

ಇನ್ನು ಪರೀಕ್ಷೆ. ಕತ್ತಿನ ಬುಡದಲ್ಲಿ, ಕೊಂಚ ಬಲಕ್ಕೆ, ತಿಂದದ್ದು ಮೊದಲು ಶೇಖರವಾಗುವ ಚೀಲವಿದೆ. ಸಂಜೆ ತುಂಬಿದ್ದು ಬೆಳಗಾಗುವಷ್ಟರಲ್ಲಿ ಖಾಲಿಯಾಗಿರಬೇಕು. ಬೆಳಿಗ್ಗೆಯೂ ಕಲ್ಲಿನಂತೆ ಗಟ್ಟಿಯಿದ್ದರೆ ಹುಲ್ಲೋ ದಾರವೋ ಸಿಕ್ಕಿಕೊಂಡಿರಬಹುದು. ಮೆತ್ತಗಿದ್ದು ಬಾಯಿಂದ ಹುಳಿ ವಾಸನೆ ಬಂದರೆ ಒಳಗೆ ಹುದುಗೆದ್ದಿದೆ. ಹಿಕ್ಕೆಯೂ ಬಹಳ ಹೇಳುತ್ತದೆ, ಓದುವ ತಾಳ್ಮೆ ಇದ್ದರೆ. ಮೇಲಿನ ಬಿಳಿ ಮೂತ್ರದ ಅಂಶ, ಇರಲೇಬೇಕು. ಆಗಾಗ ಬೀಳುವ ಕಂದು ಬಣ್ಣದ, ಅಂಟಂಟಾದ, ಮೂಗು ಮುಚ್ಚಿಸುವ ಹಿಕ್ಕೆಯೂ ಸಹಜವೇ. ಕಡುಹಸಿರು ಕಂಡರೆ ಕೋಳಿ ಏನೂ ತಿಂದಿರಲಿಕ್ಕಿಲ್ಲ, ಬರುತ್ತಿರುವುದು ಬರೀ ಪಿತ್ತವಿರಬಹುದು. ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ನೀರನ್ನು ಬಾಯಿಗೆ ಸುರಿಯಬಾರದು. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ತಾಗಿಸಿದರೆ ತಾನೇ ಚಪ್ಪರಿಸುತ್ತದೆ. ಮೊಂಡು ಕೊಕ್ಕಿಗೆ ನೆಲದ ಮೇಲಿನ ಒಂಟಿ ಕಾಳು ಸಿಗುವುದಿಲ್ಲ, ಆಳದ ಬಟ್ಟಲಲ್ಲಿ ಮೇವು ಒದ್ದೆಮಾಡಿ ಇಡಬೇಕು. ಮೇವು ಮುಟ್ಟದ ಕೋಳಿಯೂ ಬೇಯಿಸಿ ಹಿಸುಕಿದ ಮೊಟ್ಟೆಗೆ ಕತ್ತು ಚಾಚುವುದುಂಟು. ಸಂಕೋಚವೇನಿದ್ದರೂ ಮನೆಯವರದು, ಕೋಳಿಯದಲ್ಲ. ಕ್ಯಾಲ್ಸಿಯಂಗೆ ಕಪ್ಪೆಚಿಪ್ಪಿನ ಪುಡಿ ಆದೀತು. ಎಲೆಯಡಿಕೆಯ ಸುಣ್ಣ ಬಾಯಿ ಸುಡುತ್ತದೆ, ಬೇಡವೇ ಬೇಡ.

ನೆಟ್ಟಗೆ ನಿಂತು, ಬಾಲ ಆಡಿಸುತ್ತ ಮತ್ತೆ ಮತ್ತೆ ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಹೊಟ್ಟೆ ಮುಳುಗುವಷ್ಟು ಉಗುರುಬೆಚ್ಚನೆಯ ನೀರಿನಲ್ಲಿ 15–20 ನಿಮಿಷ ಕೂರಿಸಿ, ಒರೆಸಿ, ಕತ್ತಲಲ್ಲಿ ಬಿಟ್ಟರೆ ಎಷ್ಟೋ ಸಲ ಇಟ್ಟುಬಿಡುತ್ತದೆ. ಹೊಟ್ಟೆ ಒತ್ತಿ ತೆಗೆಯಲು ಹೋದರೆ ಒಳಗೇ ಒಡೆದೀತು. ಹೊಟ್ಟೆ ನೀರು ತುಂಬಿ ಜೋತಿದ್ದರೆ ಅದು ಮನೆಮದ್ದಿಗೆ ಬಗ್ಗುವುದಲ್ಲ.

ಹಳ್ಳಿಯ ಪಶುವೈದ್ಯರು ನೂರಾರು ಕೋಳಿಗೆ ಒಟ್ಟಿಗೆ ಮದ್ದು ಬರೆದವರು. ಒಂಟಿ ಫಾರಂ ಕೋಳಿಯನ್ನು ಚೀಲದಲ್ಲಿ ತಂದವರನ್ನು ಕಂಡು ನಕ್ಕರೆ ಅಚ್ಚರಿಯಿಲ್ಲ. ಆದರೂ ಹೋಗಬೇಕು, ಏಕೆಂದರೆ ಅಂಗಡಿಯಿಂದ ತಂದ ಆಂಟಿಬಯೋಟಿಕ್ ಅಂದಾಜಿನಲ್ಲಿ ಹಾಕುವುದು ಕೋಳಿಗೂ ಮನೆಯವರಿಗೂ ಕೇಡು. ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿ ಮತ್ತಿತರ ಆಹಾರದ ಪ್ರಾಣಿಗಳಿಗೆ ಕೊಡುವುದನ್ನು ಸರ್ಕಾರ 2019ರಲ್ಲೇ ನಿಷೇಧಿಸಿದೆ. ಮದ್ದು ನಡೆಯುವಾಗಲೂ ಆಮೇಲೆ ವೈದ್ಯರು ಹೇಳಿದಷ್ಟು ದಿನವೂ ಆ ಮೊಟ್ಟೆ ತಿನ್ನುವಂತಿಲ್ಲ. ಕೋಳಿ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು.

ಮನೆಯಲ್ಲಿ ಬೇರೆ ಕೋಳಿಗಳಿದ್ದರೆ ಹೊಸದನ್ನು ಮೂರು ನಾಲ್ಕು ವಾರ ದೂರವೇ ಇಡಬೇಕು. ಕೊಕ್ಕರೆ ರೋಗದಂಥ ಅಂಟುರೋಗ ಹೊಕ್ಕರೆ ಗೂಡೇ ಖಾಲಿಯಾದೀತು. ಬೆನ್ನುಬೆನ್ನಿಗೆ ಹಲವು ಕೋಳಿ ಸತ್ತರೆ ಪಶುಪಾಲನಾ ಇಲಾಖೆಗೆ ತಿಳಿಸಬೇಕು. ಗುಣವಾದ ಮೇಲೂ ನೇರವಾಗಿ ಒಳಗೆ ಬಿಡದೆ ಕೆಲವು ದಿನ ಜಾಲರಿಯ ಆಚೆ ಈಚೆ ಇಟ್ಟು ಪರಿಚಯ ಮಾಡಿಸಬೇಕು. ಕೋಳಿಗಳಲ್ಲಿ ಮೇಲು ಕೀಳು ಕೊಕ್ಕಿನಿಂದಲೇ ತೀರ್ಮಾನವಾಗುತ್ತದೆ, ಹೊಸದಾಗಿ ಬಂದದ್ದು ಕೊನೆಗೆ ನಿಲ್ಲುತ್ತದೆ. ಒಂದೇ ಕಡೆ ಮೇವಿಟ್ಟರೆ ಅದು ಹಸಿದೇ ಉಳಿಯುವುದರಿಂದ, ಒಂದಕ್ಕೊಂದು ಕಾಣದ ಎರಡು ಜಾಗಗಳಲ್ಲಿ ಬಟ್ಟಲು ಇಡಬೇಕು.