ಅಪ್ಪನ ಬೋರ್ಡೋ, ನನ್ನ ಬೋರ್ಡೋ

ನಮ್ಮೂರಲ್ಲಿ ಬೋರ್ಡೋ ಅಂದರೆ ದ್ರಾಕ್ಷಿ ಬಳ್ಳಿಗೆ ಹೊಡೆಯುವ ಔಷಧ. ಒಂದು ಡ್ರಮ್ಮಿನಲ್ಲಿ ಮೈಲುತುತ್ತ, ಇನ್ನೊಂದರಲ್ಲಿ ಸುಣ್ಣ ಕರಗಿಸಿ ಎರಡನ್ನೂ ಒಟ್ಟಿಗೆ ಮೂರನೆಯದಕ್ಕೆ ಸುರಿಯಬೇಕು. ಆಕಾಶದ ಬಣ್ಣದ ಆ ನೀರಿಗೆ ಅಪ್ಪ ಕುಡುಗೋಲು ಅದ್ದಿ ತೆಗೆದು ನೋಡುತ್ತಿದ್ದ. ಕಬ್ಬಿಣದ ಮೇಲೆ ತಾಮ್ರದ ಕೆಂಪು ಹತ್ತಿತೆಂದರೆ ಸುಣ್ಣ ಸಾಲದು, ಎಲೆ ಸುಡುತ್ತದೆ ಎಂದರ್ಥ. ಬೋರ್ಡೋ ಎನ್ನುವುದು ಫ್ರಾನ್ಸಿನ ಒಂದು ಊರು, ಅಲ್ಲಿಯ ವೈನಿಗೆ ಲೋಕವೆಲ್ಲ ತಲೆದೂಗುತ್ತದೆ ಎಂಬುದು ನನಗೆ ಗೊತ್ತಾಗಿದ್ದು ಪುಣೆಗೆ ಬಂದು ನೌಕರಿ ಹಿಡಿದ ಎಷ್ಟೋ ವರ್ಷಗಳ ನಂತರ.

ನಮ್ಮದು ವಿಜಯಪುರ ಜಿಲ್ಲೆ. ಮೂರು ಎಕರೆ ಥಾಮ್ಸನ್ ಸೀಡ್‌ಲೆಸ್. ಹಣ್ಣು ಪೇಟೆಗೆ ಹೋಗುವುದು ಕಡಿಮೆ, ಬಹುಪಾಲು ಶೆಡ್ಡಿನಲ್ಲಿ ಒಣಗಿ ಮನೂಕವಾಗಿ ತಾಸಗಾಂವದ ಸವಾಲಿಗೆ ಹೋಗುತ್ತದೆ. ಅಪ್ಪ ವಿಭೂತಿ ಹಚ್ಚದೆ ನೀರು ಮುಟ್ಟದ ಮನುಷ್ಯ. ನಲವತ್ತು ವರ್ಷ ದ್ರಾಕ್ಷಿ ಬೆಳೆದರೂ ಅದರಿಂದ ಮಾಡಿದ ಒಂದು ಹನಿ ವೈನನ್ನು ಬಾಯಿಗೆ ಇಟ್ಟವನಲ್ಲ. ನಾನು ಇಟ್ಟೆ.

ಪುಣೆಯಲ್ಲಿ ನಾವು ನಾಲ್ಕು ಕನ್ನಡದ ಮನೆಯವರು ತಿಂಗಳಿಗೊಂದು ಶನಿವಾರ ಸಂಜೆ ಸೇರುತ್ತೇವೆ. ಮನೆಗೊಂದು ಬಾಟಲಿ, ಊಟ ಆ ಸಲ ಯಾರ ಮನೆಯೋ ಅವರದು. ದಿನಬಳಕೆಯ ವೈನೇ ಆಗಬೇಕು, ಸಾವಿರ ರೂಪಾಯಿಯ ಆಸುಪಾಸಿನದು. ಯಾರಾದರೂ ವಿದೇಶದಿಂದ ಬರುವಾಗ ಸೂಟ್‌ಕೇಸಿನಲ್ಲಿ ತಂದರೆ ಅದಕ್ಕೆ ಮಾಫಿ. ಬಾಟಲಿಗೆ ಹಳೆ ಪೇಪರು ಸುತ್ತಿ ನಂಬರು ಬರೆಯುತ್ತೇವೆ. ಒಂದೊಂದು ಲೋಟಕ್ಕೆ ಎರಡೇ ಗುಟುಕು. ಮೊದಲು ಬರೀ ವಾಸನೆ, ಆಮೇಲೆ ಬರೀ ವೈನು, ಆಮೇಲೆ ಊಟದ ಜೊತೆ. ಕುಡಿಯುವುದಕ್ಕಿಂತ ವಾದವೇ ಹೆಚ್ಚು.

ಕಳೆದ ಎರಡು ವರ್ಷದಿಂದ ನನಗೆ ನ್ಯಾಚುರಲ್ ವೈನಿನ ಹುಚ್ಚು. ಸಾಮಾನ್ಯ ವೈನರಿಯವರು ಪ್ಯಾಕೆಟ್ಟಿನ ಯೀಸ್ಟ್ ಹಾಕುತ್ತಾರೆ, ಬೇಕಾದರೆ ಹುಳಿ ಸರಿಪಡಿಸುತ್ತಾರೆ, ಸೋಸುತ್ತಾರೆ, ಕೆಡದಿರಲೆಂದು ಸಲ್ಫರ್ ಡೈಆಕ್ಸೈಡ್ ಸೇರಿಸುತ್ತಾರೆ. ನ್ಯಾಚುರಲ್ ಪಂಥದವರು ಇದೆಲ್ಲ ಬೇಡವೆನ್ನುತ್ತಾರೆ. ಸಾವಯವ ತೋಟ, ಕೈಯಿಂದ ಬಿಡಿಸಿದ ಹಣ್ಣು, ತೋಟದಲ್ಲೋ ವೈನರಿಯ ಗೋಡೆಯಲ್ಲೋ ತಾನಾಗಿ ಇರುವ ಯೀಸ್ಟ್, ಗಂಧಕ ಇಲ್ಲವೇ ಇಲ್ಲ, ಇದ್ದರೂ ಚಿಟಿಕೆ. ಫ್ರಾನ್ಸಿನ ಬೋಜೊಲೆ ಸೀಮೆಯ ಜೂಲ್ಸ್ ಶೋವೆ ಎಂಬ ರಸಾಯನಶಾಸ್ತ್ರಜ್ಞ ಇದಕ್ಕೆ ದಾರಿ ತೋರಿಸಿದ. ಅದೇ ಸೀಮೆಯ ಮಾರ್ಸೆಲ್ ಲಾಪಿಯೇರ್‌ನಂಥ ಬೆಳೆಗಾರರು ಅದನ್ನು ಮಾಡಿ ತೋರಿಸಿದರು. 2020ರಲ್ಲಿ ಫ್ರಾನ್ಸ್ ಇಂಥ ವೈನಿಗೆ ಒಂದು ಗುರುತಿನ ಚೀಟಿಯನ್ನೂ ಒಪ್ಪಿಕೊಂಡಿತು. ಅದು ಬೇಕೆಂದರೆ ಗಂಧಕ ಲೀಟರಿಗೆ 30 ಮಿಲಿಗ್ರಾಂ ದಾಟುವಂತಿಲ್ಲ. ಯುರೋಪಿನಲ್ಲಿ ಮಾಮೂಲಿ ಕೆಂಪು ವೈನಿಗೆ 150, ಬಿಳಿಗೆ 200ರವರೆಗೆ ಅವಕಾಶವಿದೆ. ಇವೆಲ್ಲ ಅಂಕಿಗಳು ನನಗೆ ಬಾಯಿಪಾಠ. ಸಿಕ್ಕವರ ಮುಂದೆಲ್ಲ ಒಪ್ಪಿಸುತ್ತಿದ್ದೆ.

ಜೂನ್‌ನಲ್ಲಿ ಅಪ್ಪ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಪುಣೆಗೆ ಬಂದ. ಆ ಶನಿವಾರದ ಸರದಿ ನಮ್ಮ ಮನೆಯದೇ. ಮುಂದೂಡೋಣ ಎಂದೆ. ಹೆಂಡತಿ ಮೈಸೂರಿನವಳು. "ಮುಚ್ಚಿಡೋದ್ಯಾಕೆ? ಅಡುಗೆಮನೆಯ ಮೇಲಿನ ಕಪಾಟಲ್ಲಿ ಏನಿದೆ ಅಂತ ಮಾವನಿಗೆ ಗೊತ್ತಿಲ್ಲ ಅಂದ್ಕೊಂಡಿದ್ದೀರಾ?" ಎಂದಳು. ಅಪ್ಪನನ್ನು ಕೇಳಿದೆ. "ನಿಮ್ಮ ಮನಿ, ನಿಮ್ಮ ಗೆಳ್ಯಾರು. ನಾ ನನ್ನ ರೊಟ್ಟಿ ನಾ ತಿಂತೀನಿ" ಎಂದ.

ಅಂದು ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಮೆಣಸಿನಕಾಯಿ ಭಜಿ. ಬಾಟಲಿಗಳು ನಾಲ್ಕು. ಒಂದನೆಯದು ನಾಶಿಕದ ಶೆನಿನ್ ಬ್ಲಾಂಕ್, ಎರಡನೆಯದು ಅಲ್ಲಿಯದೇ ಶಿರಾಜ್. ಇವೆರಡೂ ಮಾಮೂಲಿ, ಯಾವ ವೈನ್ ಶಾಪಿನಲ್ಲೂ ಸಿಗುವಂಥವು. ಮೂರನೆಯದು ಗೆಳೆಯನೊಬ್ಬ ಲಿಯೋನ್‌ನಿಂದ ತಂದ ಬೋಜೊಲೆ, ಗಾಮೇ ದ್ರಾಕ್ಷಿಯದು, ಗಂಧಕ ಸೇರಿಸದ್ದು. ನಾಲ್ಕನೆಯದು ಇನ್ನೊಬ್ಬರು ಜಾರ್ಜಿಯಾ ಪ್ರವಾಸದಲ್ಲಿ ಕೊಂಡದ್ದು, ರ್ಕಾತ್ಸಿತೇಲಿ ಎಂಬ ಬಿಳಿ ದ್ರಾಕ್ಷಿಯದು. ಆ ದೇಶದಲ್ಲಿ ಕ್ವೆವ್ರಿ ಎಂಬ ದೊಡ್ಡ ಮಣ್ಣಿನ ಗುಡಾಣಗಳನ್ನು ನೆಲದಲ್ಲಿ ಹೂತು, ರಸವನ್ನು ಸಿಪ್ಪೆ ಸಮೇತ ತಿಂಗಳುಗಟ್ಟಲೆ ಬಿಡುತ್ತಾರೆ. 2013ರಲ್ಲಿ ಯುನೆಸ್ಕೋ ಆ ಪದ್ಧತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿದೆ. ಕ್ವೆವ್ರಿಯಲ್ಲಿ ಮಾಡಿದ್ದೆಲ್ಲ ನ್ಯಾಚುರಲ್ ಅಲ್ಲ, ಆದರೆ ಈ ಬಾಟಲಿ ಹಾಗೆಂದು ಹೇಳಿಕೊಂಡಿತ್ತು.

ಶೆನಿನ್ ತಣ್ಣಗಿತ್ತು, ಸೀಬೆಹಣ್ಣಿನ ವಾಸನೆ, ತುಸು ಸಿಹಿ. ಬರೀ ಕುಡಿದಾಗ ಯಾರಿಗೂ ವಿಶೇಷ ಅನ್ನಿಸಲಿಲ್ಲ. ಭಜಿ ಬಂದ ಮೇಲೆ ಅದರ ಬೆಲೆ ತಿಳಿಯಿತು. ಖಾರವನ್ನು ಆ ಸಿಹಿಯೂ ಹುಳಿಯೂ ಸಮಾಧಾನ ಮಾಡಿದವು. ಶಿರಾಜ್ ಬರೀ ಕುಡಿಯಲು ಗತ್ತಿನದು, ಆದರೆ ಶೇಂಗಾ ಹಿಂಡಿಯ ಜೊತೆ ಬಾಯಿ ಉರಿ ಹತ್ತಿತು. ವೈನಿನ ಒಗರೂ ಮದ್ಯದ ಅಂಶವೂ ಖಾರಕ್ಕೆ ಗಾಳಿ ಊದುತ್ತವೆ. ಬೋಜೊಲೆಯನ್ನು ಅರ್ಧ ತಾಸು ಫ್ರಿಜ್ಜಿನಲ್ಲಿಟ್ಟಿದ್ದೆ. ಮುಚ್ಚಳ ತೆಗೆದಾಗ ದನದ ಕೊಟ್ಟಿಗೆಯ ವಾಸನೆ, ಹತ್ತು ನಿಮಿಷ ಬಿಟ್ಟರೆ ನೇರಳೆ ಹಣ್ಣು. ನಾಲಿಗೆಯ ಮೇಲೆ ಸಣ್ಣ ಚುರುಚುರು. ಎಣ್ಣೆಗಾಯಿಯ ಜಿಡ್ಡಿಗೆ ಅದರಷ್ಟು ಒಪ್ಪುವುದು ಬೇರೆ ಇರಲಿಲ್ಲ. ಜಾರ್ಜಿಯಾದ್ದು ಜೇನಿನ ಬಣ್ಣ, ಮಂಜುಮಂಜು, ಕರಿ ಚಹಾದ ಒಗರು. ಮೊಸರಿನ ಜೊತೆ ಕಹಿಯಾಯಿತು, ಹೆಸರುಕಾಳಿನ ಜೊತೆ ಒಗ್ಗಿತು. ಹುಬ್ಬಳ್ಳಿಯ ಗೆಳತಿ ಮೂಸಿ ನೋಡಿ, "ಇದು ನಮ್ಮಜ್ಜಿ ಉಪ್ಪಿನಕಾಯಿ ಭರಣಿ ತೊಳದ ನೀರು" ಎಂದಳು. ಎಲ್ಲರೂ ನಕ್ಕರು.

ನಗುವಿನ ಭರದಲ್ಲಿ ನಾನು ಹೇಳಿದೆ: "ವಾಸನೆ ಹೆಂಗರ ಇರಲಿ, ಇದರಾಗ ವಿಷ ಇಲ್ಲ. ನಮ್ಮ ಕಡೆ ದ್ರಾಕ್ಷಿಗೆ ಏನೇನು ಹೊಡೀತಾರ ಅಂತ ನೋಡಿದ್ರ ನೀವು ತಿನ್ನೂದೇ ಬಿಡ್ತೀರಿ."

ಅಪ್ಪ ಮೂಲೆಯ ಕುರ್ಚಿಯಲ್ಲಿ ಕೂತಿದ್ದ, ಒಂದು ಕಣ್ಣಿಗೆ ಪಟ್ಟಿ. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ನನ್ನ ಇಂಜಿನಿಯರಿಂಗ್ ಫೀ, ತಂಗಿಯ ಮದುವೆ, ಎಲ್ಲ ಬಂದಿದ್ದು ಆ "ಏನೇನು" ಹೊಡೆದ ತೋಟದಿಂದ. ಮಾತು ಬಾಯಿ ದಾಟಿ ಆಗಿತ್ತು. ಯಾರೋ ವಿಷಯ ಬದಲಿಸಿದರು.

ಎಲ್ಲರೂ ಹೋದ ಮೇಲೆ ಅಪ್ಪ ಕರೆದ. "ತಮ್ಮಾ, ಆ ಮಂಜು ಬಾಟ್ಲಿ ಇಲ್ಲಿ ತಾ." ಕುಡಿಯಲಿಲ್ಲ. ಲೋಟವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಬೋಜೊಲೆ. ಅದನ್ನು ಮೂಸಿದ್ದೇ ಕೆಳಗಿಟ್ಟ.

"ನೀ ಎಂಟನೇತ್ತಾ ಇದ್ದಾಗ ಮಾರ್ಚದಾಗ ಮಳಿ ಬಂತಲ್ಲ, ಶೆಡ್ಡಿನಾಗ ಇದ ವಾಸನಿ ಇತ್ತು."

ನನಗೆ ನೆನಪಿತ್ತು. ಹಣ್ಣು ಕಟಾವಾಗಿ ಶೆಡ್ಡಿನ ಜಾಳಿಗೆಯ ಮೇಲೆ ಹರವಿ ಐದು ದಿನವಾಗಿತ್ತು. ಇನ್ನೊಂದು ವಾರ ಬಿಸಿಲು ಗಾಳಿ ಇದ್ದಿದ್ದರೆ ಮನೂಕ ಕೈಗೆ ಬರುತ್ತಿತ್ತು. ಎರಡು ರಾತ್ರಿ ಅಡ್ಡಮಳೆ ಹೊಡೆಯಿತು. ಮೂರನೆಯ ದಿನ ಹಣ್ಣು ಬಿರಿದು ರಸ ಸೋರಿ ಇಡೀ ಶೆಡ್ಡು ಉಕ್ಕತೊಡಗಿತು. ಹುಳಿ, ಸಿಹಿ, ಕೊಟ್ಟಿಗೆ ಎಲ್ಲ ಕೂಡಿದ ಆ ವಾಸನೆಯಲ್ಲಿ ಅವ್ವ ಬಾಯಿಗೆ ಸೆರಗು ಕಟ್ಟಿಕೊಂಡು ಹಣ್ಣನ್ನು ಬುಟ್ಟಿಯಲ್ಲಿ ತುಂಬಿ ತಿಪ್ಪೆಗೆ ಸುರಿಯುತ್ತಿದ್ದಳು. ಯಾರೂ ಹಾಕದ ಯೀಸ್ಟು, ಯಾರೂ ತಡೆಯದ ಹುದುಗು. ನಾನು ಈಗ ಸಾವಿರಾರು ರೂಪಾಯಿ ಕೊಟ್ಟು ಹುಡುಕುವುದು ಅಂದು ನಮ್ಮ ಶೆಡ್ಡಿನಲ್ಲಿ ಪುಕ್ಕಟೆ ಹರಿದಿತ್ತು, ಸಾಲದ ಜೊತೆಗೆ.

"ವಿಷ ಅಂದ್ಯಲ್ಲ" ಎಂದ ಅಪ್ಪ. ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ಹೊಡಿಯೂದು ಚೊಲೋ ಅಂತ ನನಗೂ ಅನಸೂದಿಲ್ಲ. ಚಾಟ್ನಿ ಆದ ಮ್ಯಾಲೆ ಕಣ್ಣು ಒಡಿಲಿ ಅಂತ ಪೇಸ್ಟ್ ಹಚ್ತೀವಿ. ಹಚ್ಚೂ ದಿನ ಕುಡುದವರು ತೋಟಕ್ಕ ಬರೂ ಹಂಗಿಲ್ಲ, ಮುಖ ಕೆಂಪಾಗಿ ಎದಿ ಹೊಡಕೋತೈತಿ. ಅಷ್ಟು ಕೆಟ್ಟದು ಅದು. ಆದ್ರ ದಾವಣಿ ಬಂದ್ರ ಎಂಟ ದಿನದಾಗ ತೋಟ ಹೋಗತೈತಿ. ಆ ಫ್ರಾನ್ಸಿನಾಂವ ಹೊಡಿಯೂದಿಲ್ಲ ಅಂತಿ. ಅಂವಂದು ಬೆಳಿ ಹೋದ್ರ ಯಾರು ಕೊಡ್ತಾರ?"

ಉತ್ತರ ನನ್ನ ಅಂಕಿಗಳಲ್ಲಿ ಇರಲಿಲ್ಲ. ಆ ರಾತ್ರಿ ಮತ್ತೆ ಓದಲು ಕೂತೆ, ಈ ಸಲ ಬಾಯಿಪಾಠಕ್ಕಲ್ಲ. ದಾವಣಿ ರೋಗ ಅಮೆರಿಕದ ಬಳ್ಳಿಗಳ ಜೊತೆ 1870ರ ದಶಕದಲ್ಲಿ ಫ್ರಾನ್ಸಿಗೆ ಬಂದು ತೋಟಗಳನ್ನು ಹಾಳುಮಾಡಿತು. ಬೋರ್ಡೋ ಹತ್ತಿರದ ಮೆಡೋಕ್‌ನಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗೆ ಮೈಲುತುತ್ತ ಮತ್ತು ಸುಣ್ಣ ಎರಚುತ್ತಿದ್ದರು. ಎಲೆ ಉಳಿದದ್ದು ಆ ಬಳ್ಳಿಗಳಲ್ಲಿ ಮಾತ್ರ. ಮಿಲಾರ್ಡೆ ಎಂಬ ವಿಜ್ಞಾನಿ ಅದನ್ನು ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದ. ಅದೇ ನಮ್ಮ ಡ್ರಮ್ಮಿನ ಬೋರ್ಡೋ. ಇವತ್ತಿಗೂ ಯುರೋಪಿನ ಸಾವಯವ ತೋಟಗಳಲ್ಲಿ ತಾಮ್ರ ಹೊಡೆಯಲು ಅನುಮತಿ ಇದೆ, ಹೆಕ್ಟೇರಿಗೆ ಏಳು ವರ್ಷದಲ್ಲಿ ಒಟ್ಟು 28 ಕಿಲೋ ಮೀರಬಾರದು ಅಷ್ಟೆ. ನ್ಯಾಚುರಲ್ ಎಂದರೆ ಏನೂ ಹೊಡೆಯದ್ದು ಎಂದು ನಾನು ಊದಿದ ಶಂಖದಲ್ಲಿ ಅರ್ಧ ಗಾಳಿಯೇ ಇತ್ತು. ಇನ್ನೊಂದು: ನಾನು ಬೈಯುವ ಅದೇ ಗಂಧಕಕ್ಕೆ ವೈನಿನಲ್ಲಿ 150, 200ರ ಲೆಕ್ಕವಾದರೆ, ಬಂಗಾರದ ಬಣ್ಣದ ಮನೂಕಕ್ಕೆ ಯುರೋಪಿನಲ್ಲೇ ಕಿಲೋಗೆ 2000 ಮಿಲಿಗ್ರಾಂವರೆಗೆ ಒಪ್ಪಿಗೆ ಇದೆ. ಹಬ್ಬದ ಪಾಯಸದಲ್ಲಿ ಅದನ್ನು ಆರಿಸಿ ತಿನ್ನುವಾಗ ನಾನು ಒಮ್ಮೆಯೂ ಲೇಬಲ್ ಓದಿದವನಲ್ಲ.

ಮರುದಿನ ಉಳಿದ ನಾಲ್ಕೂ ಬಾಟಲಿಗಳನ್ನು ಮತ್ತೆ ರುಚಿ ನೋಡಿದೆ. ಶೆನಿನ್ ನಿನ್ನೆಯಂತೆಯೇ ಇತ್ತು, ಶಿರಾಜ್ ತುಸು ಮೆತ್ತಗಾಗಿತ್ತು. ಜಾರ್ಜಿಯಾದ್ದು ಇನ್ನೂ ಚೆನ್ನಾಗಿತ್ತು, ಅದರ ಒಗರೇ ಅದನ್ನು ಕಾಯುತ್ತದೆ. ಬೋಜೊಲೆ ಮಾತ್ರ ಕೆಟ್ಟಿತ್ತು. ನುಂಗಿದ ಮೇಲೆ ಗಂಟಲಲ್ಲಿ ಇಲಿಯ ಗೂಡಿನ ವಾಸನೆ. ಗಂಧಕ ಹಾಕದ ವೈನಿಗೆ ತಟ್ಟುವ ಈ ದೋಷಕ್ಕೆ ವೈನಿನವರೂ ಇಲಿಯ ಹೆಸರನ್ನೇ ಇಟ್ಟಿದ್ದಾರೆ. ನಿನ್ನೆ ರಾತ್ರಿ ನಾಲ್ಕರಲ್ಲಿ ಎಲ್ಲಕ್ಕಿಂತ ರುಚಿಯಾಗಿದ್ದದ್ದು ಅದೇ. ಎರಡೂ ನಿಜ. ಕಾಪು ತೆಗೆದರೆ ರುಚಿ ಹೀಗೆ ಮೇಲೆ ಹಾರುತ್ತದೆ, ಹೀಗೆ ಕೆಳಗೂ ಬೀಳುತ್ತದೆ. ಬಿದ್ದಾಗ ನನಗೆ ಹೋಗುವುದು ಅರ್ಧ ಬಾಟಲಿ.

ಸಿಂಕಿಗೆ ಸುರಿಯುತ್ತಿದ್ದಾಗ ಅಪ್ಪ ಬಾಗಿಲಲ್ಲಿ ನಿಂತಿದ್ದ. "ನಾಕ ಸಾಲು ಬಿಟ್ಟು ನೋಡೂಣೇನು? ಔಷಧ ಇಲ್ದ. ಹೋದ್ರ ಹೋದಷ್ಟು ರೊಕ್ಕ ನೀ ಕೊಡಬೇಕು ನೋಡು." ನಗುತ್ತ ಹೇಳಿದ, ಆದರೆ ಉತ್ತರಕ್ಕೆ ಕಾದ. ಲೆಕ್ಕ ಹಾಕಿದೆವು. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮನೂಕ, ಹೋದ ವರ್ಷದ ಸವಾಲಿನ ದರ. ಒಪ್ಪಿಕೊಂಡೆ.

ಅಕ್ಟೋಬರಿನಲ್ಲಿ ಚಾಟ್ನಿ ಆಯಿತು. ಆ ನಾಲ್ಕು ಸಾಲನ್ನು ಅಪ್ಪ ಫೋನಿನಲ್ಲಿ "ನಿನ್ನ ತೋಟ" ಎನ್ನತೊಡಗಿದ. ನವೆಂಬರಿನಲ್ಲಿ ನಾಲ್ಕು ದಿನ ಮೋಡ, ಜಿಟಿಜಿಟಿ ಮಳೆ. ಬುಧವಾರ ಬೆಳಿಗ್ಗೆ ಆಫೀಸಿನ ಮೀಟಿಂಗಿನಲ್ಲಿದ್ದಾಗ ವಾಟ್ಸಾಪಿನಲ್ಲಿ ಫೋಟೋ ಬಂತು. ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ, ಇನ್ನೊಂದರಲ್ಲಿ ಎಲೆ ಮಗುಚಿ ಹಿಡಿದು ಬಿಳಿ ಬೂಷ್ಟು ತೋರಿಸಿದ್ದ. ಅದರ ಹಿಂದೆಯೇ ಅಪ್ಪನ ದನಿ: "ನಿನ್ನ ತೋಟಕ್ಕ ಬಂದೈತಿ. ಬಾಜೂ ಸಾಲಿಗೆ ಹೋಗಾಕ ಎರಡ ದಿನ ಸಾಕು. ಏನ್ ಮಾಡ್ಲಿ?"

ಸಾಲದ ವರ್ಷದ ವಾಸನೆ ಮೂಗಿಗೆ ಬಂತು. ಹೊರಗೆ ಬಂದು ಫೋನು ಮಾಡಿದೆ.

"ಬೋರ್ಡೋ ಹೊಡಿ ಅಪ್ಪಾ."

"ಆಗ್ಲೇ ಸುಣ್ಣ ನೆನಸೀನಿ" ಎಂದ. "ಅವರೂ ಅದನ್ನ ಹೊಡೀತಾರಂತ ನೀನ ಹೇಳಿದ್ಯಲ್ಲ."